ಸ್ಪ್ಲಿಟ್–ಲಿಸ್ಬನ್, ವಯಾ ಅಕ್ಕಲಕೋಟ

ಸ್ಪೇನ್ ದೇಶದಲ್ಲಿ ಝಾರಾಗೋಝಾ ಎಂಬ ಊರು ದಾಟಿದ ಮೇಲೆ ಸಿಗುವ ಪೆಟ್ರೋಲ್ ಪಂಪಿನಲ್ಲಿ ಶೌಚಾಲಯ ಯಾವ ಮೂಲೆಗಿದೆ ಎಂಬುದು ಅಕ್ಕಲಕೋಟದಲ್ಲಿ ಒಬ್ಬರಿಗೆ ಗೊತ್ತಿತ್ತು. ಅವರು ಹೋದ ತಿಂಗಳು ತೀರಿಕೊಂಡರು. ಅವರು ಸ್ಪೇನ್ ನೋಡಿರಲಿಲ್ಲ. ನಿಜ ಹೇಳಬೇಕೆಂದರೆ ಪುಣೆಯನ್ನೂ ಸರಿಯಾಗಿ ನೋಡಿರಲಿಲ್ಲ.

ಅವರು ನನ್ನ ಅಕ್ಕನ ಗಂಡ. ನಮ್ಮ ಕಡೆ ಅಕ್ಕನ ಗಂಡನಿಗೆ ದಾಜಿ ಎನ್ನುತ್ತೇವೆ. ಹೆಸರು ಬರೆಯುವುದಿಲ್ಲ. ಅವರು ಇರುವಾಗ ಒಮ್ಮೆಯೂ ಹೆಸರು ಹಿಡಿದು ಕರೆದವನಲ್ಲ, ಈಗ ಬರೆಯಲು ಕೈ ಏಳುವುದಿಲ್ಲ. ನಾನು ಹೆಚ್ಚು ಓದಿದವನೂ ಅಲ್ಲ. ಅಕ್ಕಲಕೋಟದ ಕನ್ನಡ ಶಾಲೆಯಲ್ಲಿ ಹತ್ತನೆಯವರೆಗೆ ಓದಿ ಸ್ಟೇರಿಂಗ್ ಹಿಡಿದೆ. ಸೋಲಾಪುರ ಸ್ಟೇಷನ್ನಿನಲ್ಲಿ ಇಳಿಯುವ ಭಕ್ತರನ್ನು ನನ್ನ ಕಾರಿನಲ್ಲಿ ಅಕ್ಕಲಕೋಟಕ್ಕೆ ಕರೆದೊಯ್ಯುವುದು ನನ್ನ ಕೆಲಸ. ಅವರು ದರ್ಶನ ಮಾಡಿ, ಪ್ರಸಾದ ಉಂಡು ಬರುವ ಎರಡು ತಾಸು ನಾನು ಅಕ್ಕನ ಮನೆಯಲ್ಲಿ ಕೂರುತ್ತಿದ್ದೆ. ದಾಜಿಯವರ ಬಗ್ಗೆ ನನಗೆ ಗೊತ್ತಿರುವುದೆಲ್ಲ ಆ ಎರಡೆರಡು ತಾಸುಗಳಲ್ಲಿ ಕೂಡಿಬಂದದ್ದು.

ದಾಜಿ ಬಸ್ ಡಿಪೋದಲ್ಲಿ ಗುಮಾಸ್ತರಾಗಿದ್ದರು. ಯಾವ ಬಸ್ಸು ಎಷ್ಟು ಗಂಟೆಗೆ ಬಿಡಬೇಕು, ಎಲ್ಲಿ ಎಷ್ಟು ನಿಮಿಷ ನಿಲ್ಲಬೇಕು, ಡ್ರೈವರನಿಗೆ ಎಲ್ಲಿ ಊಟ, ಕಂಡಕ್ಟರನಿಗೆ ಎಲ್ಲಿ ಚಹಾ, ಇದನ್ನೆಲ್ಲ ಕೂಡಿಸಿ ಕಳೆದು ವೇಳಾಪತ್ರಕ ಬರೆಯುವುದು ಅವರ ನೌಕರಿ. ನೀವು ಏನೇ ಹೇಳಿದರೂ ಅವರು ಮೊದಲು ಕೈಗಡಿಯಾರ ನೋಡುತ್ತಿದ್ದರು, ಆಮೇಲೆ ನಿಮ್ಮ ಮುಖ. ಮನೆಗೆ ಯಾರಾದರೂ ಬಂದರೆ "ಬರ್ರಿ, ಕೂಡ್ರಿ" ಎನ್ನುವ ಬದಲು "ಹನ್ನೆರಡೂ ಇಪ್ಪತ್ತಕ್ಕ ಬಂದ್ರಿ" ಎನ್ನುತ್ತಿದ್ದರು. ನನ್ನ ಮದುವೆಯಲ್ಲಿ ಅಕ್ಷತೆ ಬಿದ್ದ ಕೂಡಲೇ ಎಲ್ಲರಿಗಿಂತ ಮೊದಲು ಬಂದು ಕೈಕುಲುಕಿದವರು ಅವರು. "ಒಂಬತ್ತ ಮಿನಿಟು ಲೇಟ್ ಆತು, ಇರ್ಲಿ" ಎಂದರು. ಅದು ಅವರ ಆಶೀರ್ವಾದ.

ನೌಕರಿಯಲ್ಲಿ ಅವರಿಗೆ ಒಂದೇ ಒಂದು ಕೊರಗು ಉಳಿದಿತ್ತು. ಒಮ್ಮೆ ಮೈಂದರ್ಗಿಯಿಂದ ನೇರ ಗೋವಾಕ್ಕೆ ಒಂದು ಬಸ್ಸು ಬಿಡಬಹುದೆಂದು ಬರೆದು ಮೇಲಿನವರಿಗೆ ಕಳಿಸಿದ್ದರಂತೆ. ಸಾಹೇಬರು ಕರೆಸಿ ಕೇಳಿದರಂತೆ, "ಮೈಂದರ್ಗಿ ಮಂದಿ ಗೋವಾಕ್ಕ ಎದಕ್ಕ ಹೋಗ್ತಾರ?"

"ಬಸ್ಸಿಲ್ಲಂತ ಹೋಗವಲ್ಲರು ಸಾಹೇಬ್ರ."

ಕಾಗದ ವಾಪಸು ಬಂತು. ಮುಂದೆ ರಿಟೈರ್ ಆಗುವವರೆಗೂ ಅವರು ಬರೆದ ಬಸ್ಸುಗಳು ಹನ್ನೂರ, ಕುಂಭಾರಿ, ಮೈಂದರ್ಗಿ, ಸೋಲಾಪುರ ಎಂದು ಅಲ್ಲಲ್ಲೇ ಸುತ್ತಿದವು. ರಿಟೈರ್ ಆದ ಮೇಲೆ ಫೋನಿನಲ್ಲಿ ನಕ್ಷೆ ನೋಡುವುದು ಕಲಿತರು. ಬಸ್ಸು ಒಂದೇ ಒಂದು ರಸ್ತೆ ಹಿಡಿದು ಒಂದು ಸಮುದ್ರದ ದಂಡೆಯಿಂದ ಇನ್ನೊಂದು ಸಮುದ್ರದ ದಂಡೆಗೆ, ಆರು ದೇಶ ಹಾಯ್ದು ಹೋಗುವ ಜಾಗವೊಂದು ಅವರಿಗೆ ಅದರಲ್ಲಿ ಸಿಕ್ಕಿತು. ಪೋರ್ಚುಗಲ್ಲಿನ ಲಿಸ್ಬನ್ ಊರಿನಿಂದ ಕ್ರೊವೇಷಿಯಾದ ಸ್ಪ್ಲಿಟ್ ಊರಿಗೆ. ನಡುವೆ ಸ್ಪೇನ್, ಫ್ರಾನ್ಸ್, ಇಟಲಿ, ಸ್ಲೊವೇನಿಯಾ. ಆ ದಾರಿಯನ್ನು ತಾವೇ ಹೋಗಿ ನೋಡುವುದೆಂದು ಗಟ್ಟಿ ಮಾಡಿದರು.

"ಮ್ಯಾಲಿನ ದೇಶಗಳು ಯಾಕ ಬ್ಯಾಡ್ರಿ ದಾಜಿ?" ಎಂದು ನಾನು ಕೇಳಿದೆ.

"ನಿಮ್ಮ ಅಕ್ಕನ ಮೊಣಕಾಲು ಥಂಡಿ ತಡಿಯೂದಿಲ್ಲ. ದಕ್ಷಿಣಕ್ಕ ಬಿಸಲ ಇರ್ತದ."

ಬಾಡಿಗೆ ಕಾರು. ಡ್ರೈವರ್ ನಾನು. ಪ್ರಯಾಣಿಕರು ದಾಜಿ ಮತ್ತು ಅಕ್ಕ. ಹೀಗೆ ನನ್ನನ್ನು ಕೇಳದೆಯೇ ನನ್ನ ಡ್ಯೂಟಿ ಹಚ್ಚಿಬಿಟ್ಟರು. ಅದು ನನಗೆ ತಪ್ಪೆನಿಸಲಿಲ್ಲ. ಅಕ್ಕನನ್ನೂ ಕೇಳದೆ ಹಚ್ಚಿದ್ದು ತಪ್ಪಾಯಿತು.

ಅಕ್ಕ ಒಳಗಿನಿಂದಲೇ ಹೇಳಿದಳು: "ಮೂರ ಮಂದಿ ಅಂತ ಬರದೀರಲ್ಲ, ಇಬ್ರ ಅಂತ ತಿದ್ರಿ. ನಾ ಬರೂದಿಲ್ಲ."

"ಯಾಕ?"

"ನಿಮ್ಮ ಗಾಡಿ ನನ್ನ ಬಿಟ್ಟ ಹೋಗ್ತದ."

ಇದರ ಹಿಂದೆ ಒಂದು ಹಳೆಯ ಕಥೆ ಇದೆ. ಮದುವೆಯಾದ ವರ್ಷ ಅಕ್ಕ ತವರಿಗೆ, ಅಂದರೆ ನಮ್ಮ ಹನ್ನೂರಿಗೆ ಹೊರಟಿದ್ದಳು. ಬಸ್ಸು ಐದೂ ಹತ್ತಕ್ಕೆ. ಅವತ್ತು ಸ್ಟ್ಯಾಂಡಿನ ಕಂಟ್ರೋಲರ್ ರಜೆಯ ಮೇಲಿದ್ದರು, ಕ್ಯಾಬಿನ್ನಿನಲ್ಲಿ ದಾಜಿಯೇ ಕುಳಿತಿದ್ದರು. ಅಕ್ಕ ಚೀಲ ಹಿಡಿದುಕೊಂಡು ಗೇಟಿನ ಒಳಗೆ ಬಂದಳು, ಕೈ ಬೀಸಿದಳು. ದಾಜಿ ಅವಳನ್ನು ನೋಡಿದರು, ಗೋಡೆಯ ಗಡಿಯಾರ ನೋಡಿದರು, ಸೀಟಿ ಊದಿದರು. ಬಸ್ಸು ಅವಳ ಮುಂದೆಯೇ ತಿರುಗಿ ಹೋಯಿತು. ಎಂಟು ದಿನ ಅಕ್ಕ ಮಾತಾಡಲಿಲ್ಲ. ದಾಜಿಗೆ ಅದರಲ್ಲಿ ತಮ್ಮ ತಪ್ಪೇನೆಂದು ಕೊನೆಯವರೆಗೂ ತಿಳಿಯಲಿಲ್ಲ. "ಒಳಗ ನಲವತ್ತ ಮಂದಿ ಕುಂತಿದ್ರು" ಎನ್ನುತ್ತಿದ್ದರು. "ಹೊರಗ ಒಬ್ಬಾಕಿ ನಿಂತಿದ್ಲು" ಎನ್ನುತ್ತಿದ್ದಳು ಅಕ್ಕ.

ಅಕ್ಕ ಅಡುಗೆಮನೆಗೆ ಹೋದ ಮೇಲೆ ದಾಜಿ ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದರು, "ಆಕಿ ಬರಲಿಲ್ಲಂದ್ರ ಈ ಗಾಡಿ ರದ್ದು. ತಿಳೀತಲ್ಲ? ಆದ್ರ ನೀ ಆಕಿಗೆ ಹೇಳಬ್ಯಾಡ. ಹೇಳಿದ್ರ ಮತ್ತಷ್ಟ ಬಿಗೀತಾಳ."

ಹೀಗೆ ಅಕ್ಕ ಹೂಂ ಎನ್ನದ ಪ್ರಯಾಣಕ್ಕೆ ತಯಾರಿ ಶುರುವಾಯಿತು. ಎರಡು ವರ್ಷ ನಡೆಯಿತು. ದೊಡ್ಡದೊಂದು ವಹಿ ಹೊಲಿಸಿ, ಪುಟಕ್ಕೆ ಐದು ಕಾಲಂ ಎಳೆದು, ಡಿಪೋದಲ್ಲಿ ಬರೆಯುತ್ತಿದ್ದ ಹಾಗೆಯೇ ಬರೆದರು. ಡಿಪೋದಲ್ಲಿ ಎಲ್ಲ ಮರಾಠಿ. ಇದನ್ನು ಮಾತ್ರ ಕನ್ನಡದಲ್ಲಿ ಬರೆದರು. "ಇದು ನಮ್ಮ ಖಾಸಗಿ ಗಾಡಿ" ಎಂದರು. ಊರು, ಮುಟ್ಟುವ ವೇಳೆ, ಬಿಡುವ ವೇಳೆ, ಯಾಕೆ ನಿಲ್ಲುವುದು, ಶೆರಾ. ಶೆರಾ ಎಂದರೆ ಟಿಪ್ಪಣಿ. ಬಾರ್ಸಿಲೋನಾದ ಮುಂದೆ ಶೆರಾ ಹೀಗಿತ್ತು: "ಗದ್ದಲ. ಚೀಲ ಹೊಟ್ಟೆಯ ಕಡೆ ಹಿಡಿಯುವುದು."

ಗುರುವಾರ ಬಂದ ಕಡೆಯಲ್ಲೆಲ್ಲ ಹತ್ತು ನಿಮಿಷ ಹೆಚ್ಚಿಗೆ ಹಾಕಿದ್ದರು. ಅಕ್ಕಲಕೋಟದಲ್ಲಿ ಗುರುವಾರ ಸ್ವಾಮಿಗಳ ದರ್ಶನಕ್ಕೆ ಜನ ಮುಗಿಬೀಳುತ್ತಾರೆ, ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ.

"ದಾಜಿ, ಫ್ರಾನ್ಸಿನಾಗ ಗುರುವಾರ ಯಾಕ ಗದ್ಲ ಇರ್ತದ್ರಿ?"

ಅವರು ಸ್ವಲ್ಪ ಯೋಚಿಸಿದರು. "ಇರಲಿಕ್ಕಿಲ್ಲ. ಆದ್ರೂ ಗುರುವಾರ ಗುರುವಾರನ" ಎಂದರು. ಹತ್ತು ನಿಮಿಷ ಹಾಗೇ ಉಳಿಯಿತು.

ಸ್ಲೊವೇನಿಯಾ ಅವರಿಗೆ ಬಹಳ ಇಷ್ಟವಾಗಿತ್ತು. ನಮ್ಮ ರಸ್ತೆ ಆ ದೇಶದ ಮೂಲೆಯೊಂದನ್ನು ಮಾತ್ರ ಹಾಯ್ದು ಹೋಗುತ್ತಿತ್ತು. ಸೋಲಾಪುರದಿಂದ ಅಕ್ಕಲಕೋಟದಷ್ಟು ದೂರವೂ ಇರಲಿಲ್ಲ. "ನಮ್ಮ ಕುಂಭಾರಿ ಇದ್ದಂಗ. ಮಾತಾಡ್ತ ಮಾತಾಡ್ತ ದಾಟಿ ಬಿಡ್ತದ. ಆದ್ರ ಒಂದ ಚಹಾ ಕುಡೀಲಿಕ್ಕೇ ಬೇಕು. ಇಡೀ ದೇಶ ಅದು, ಕುಡೀದ ಹೋದ್ರ ಏನ ತಿಳ್ಕೊಂಡಾರು?"

ಐದು ಗಡಿಗಳಿಗೆ ಒಂದೊಂದಕ್ಕೆ ನಲವತ್ತು ನಿಮಿಷ ಇಟ್ಟಿದ್ದರು. ಗಡಿಯ ತಪಾಸಣೆ ನಾಕಾ ಎಂದರೇನೆಂದು ಅವರಿಗೆ ಗೊತ್ತು. ನಮ್ಮ ಅಕ್ಕಲಕೋಟದಿಂದ ಸ್ವಲ್ಪ ದೂರ ಹೋದರೆ ಕರ್ನಾಟಕ. ಲಾರಿಗಳು ಸಾಲುಗಟ್ಟಿ ನಿಂತದ್ದನ್ನು ನೋಡುತ್ತಲೇ ಬೆಳೆದವರು. ಒಂದು ದಿನ ಸೋಲಾಪುರದ ಟ್ರಾವೆಲ್ ಏಜೆಂಟನಿಗೆ ಫೋನ್ ಮಾಡಿ, ಗಡಿಯಲ್ಲಿ ಯಾವ್ಯಾವ ಕಾಗದ ತೋರಿಸಬೇಕು ಎಂದು ಕೇಳಿದರು. ಏನೂ ಬೇಕಿಲ್ಲ ಕಾಕಾ, ಅಲ್ಲಿ ಸಾಮಾನ್ಯವಾಗಿ ಯಾರೂ ತಡೆಯುವುದಿಲ್ಲ, ಒಂದು ಬೋರ್ಡು ಇರುತ್ತದೆ ಅಷ್ಟೇ ಎಂದನಂತೆ ಅವನು. ದಾಜಿ ಫೋನ್ ಇಟ್ಟು ವಹಿಯಲ್ಲಿನ ಐದು ಗಡಿಗಳ ಮೇಲೆ ಒಂದೊಂದಾಗಿ ಬೆರಳಿಟ್ಟರು.

"ಛಲೋ ಆತಲ್ರಿ" ಎಂದೆ ನಾನು.

"ಏನ ಛಲೋ? ಎರಡನೂರ ಮಿನಿಟು ಮಿಕ್ಕಿದ್ವು. ಎಲ್ಲಿ ಹಾಕ್ಲಿ?" ಆಮೇಲೆ ತಾವೇ ನಿರ್ಧಾರ ಮಾಡಿದರು. "ಇರ್ಲಿ. ಯಾರೂ ತಡೀದಿದ್ರೂ ನಾವ ನಿಲ್ಲೂದು. ಗಡಿ ಅಂದ ಮ್ಯಾಲ ಅದಕ್ಕೊಂದ ಮರ್ಯಾದಿ ಬ್ಯಾಡೇನು? ಆ ಬೋರ್ಡಿನ ಬುಡಕ ಕುಂತು ಬುತ್ತಿ ಬಿಚ್ಚೂದು."

ಎಂಟು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ನನಗೆ ಮೊದಲ ಸಲ ಫೋನಿನಲ್ಲಿ ಅಲ್ಲಿನ ರಸ್ತೆಯ ಚಿತ್ರ ತೋರಿಸಿದರು. ಅವರು ಬೆರಳಿಟ್ಟದ್ದು ಪೆಟ್ರೋಲ್ ಪಂಪಿನ ಮೇಲೆ. ನಾನು ನೋಡಿದ್ದು ಕಾರುಗಳನ್ನು. ಡ್ರೈವರನ ಕಣ್ಣು, ಏನು ಮಾಡುವುದು. ಎಲ್ಲ ಕಾರುಗಳೂ ಬಲಬದಿಗಿದ್ದವು.

ದಾಜಿ ವಹಿಯಲ್ಲಿ ಹಾಕಿದ ಪ್ರತಿ ಪಂಪು, ಪ್ರತಿ ಹೋಟೆಲು, ಪ್ರತಿ ಚಹಾದಂಗಡಿ ಎಡಬದಿಯದು. ಬಸ್ಸು ರಸ್ತೆ ದಾಟಿಸಿ ನಿಲ್ಲಿಸಬಾರದು, ನಿಲುಗಡೆ ಯಾವಾಗಲೂ ಎಡಕ್ಕೇ ಇರಬೇಕು. ಇದು ಅವರ ಕೈಯಲ್ಲಿ ಕೂತುಹೋದ ನೇಮ. ಎಂಟು ತಿಂಗಳು ಆರು ದೇಶಗಳ ರಸ್ತೆ ಹುಡುಕಿ ಎಡಬದಿಯವನ್ನೇ ಆರಿಸಿದ್ದರು. ಅಲ್ಲಿನ ಹೆದ್ದಾರಿಗಳಲ್ಲಿ ನಡುವೆ ಕಟ್ಟೆ. ಆ ಬದಿಯ ಪಂಪಿಗೆ ಈ ಬದಿಯಿಂದ ಹೋಗುವ ಮಾತೇ ಇಲ್ಲ.

ನಾನು ಆ ದಿನ ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ಮೂರನೇ ಸಲ ಬಂದಾಗ ತಲೆ ತಗ್ಗಿಸಿ ಹೇಳಿದೆ. ದಾಜಿ ಗಡಿಯಾರ ನೋಡಲಿಲ್ಲ. ವಹಿ ಮುಚ್ಚಿದರು. ಅಕ್ಕ ಬಾಗಿಲಲ್ಲಿ ನಿಂತು ಎಲ್ಲ ಕೇಳಿದ್ದಳು. ನಗುತ್ತಾಳೆ ಎಂದುಕೊಂಡೆ, ನಗಲಿಲ್ಲ. ಚಹಾ ತಂದಿಟ್ಟಳು. ದಾಜಿ ಅರ್ಧ ಕುಡಿದು ಬಸಿಯನ್ನು ಕೆಳಗಿಟ್ಟರು, ತಟ್ಟನೆ ವಹಿಯನ್ನು ಹಿಂದಿನ ಪುಟದಿಂದ ತೆರೆದರು.

"ಪಾವಣೇರ, ಉಲ್ಟಾ ಹೋಗೂಣು" ಎಂದು ನನಗೆ ಹೇಳಿದರು.

"ಅಂದ್ರ?"

"ಲಿಸ್ಬನ್‌ದಿಂದ ಹೊರಡೂದ ಬ್ಯಾಡ. ಸ್ಪ್ಲಿಟ್‌ದಿಂದ ಹೊರಡೂದು. ಹೋಗೂ ಮುಂದ ಎಡಕ್ಕಿದ್ದದ್ದು ಬರೂ ಮುಂದ ಬಲಕ್ಕ ಬರ್ತದೋ ಇಲ್ಲೋ?"

ಬರುತ್ತದೆ. ಒಂದು ಪಂಪೂ ಬದಲಾಗಲಿಲ್ಲ. ಅಕ್ಕ ಒಳಗೆ ಹೋಗುತ್ತಾ ಹೇಳಿದ್ದು ನನಗೆ ಕೇಳಿಸಿತು: "ತಪ್ಪ ಮಾಡಿದ್ರೂ ತಿದ್ದಾಂಗಿಲ್ಲ ನೋಡು, ದೇಶಾನ ತಿರುವಿ ಇಡ್ತಾರ." ಅವಳ ದನಿಯಲ್ಲಿ ಸ್ವಲ್ಪ ಹೆಮ್ಮೆ ಇತ್ತು.

ಆಮೇಲೆ ನನ್ನ ಶಿಕ್ಷಣ ಶುರುವಾಯಿತು. ಅಲ್ಲಿನ ಕಾರಿನಲ್ಲಿ ಸ್ಟೇರಿಂಗ್ ಎಡಕ್ಕೆ, ಗೇರು ಬಲಗೈಗೆ. ಮನೆಯ ಮುಂದೆ ನಿಲ್ಲಿಸಿದ ನನ್ನ ಕಾರಿನಲ್ಲೇ ನನ್ನನ್ನು ಎಡ ಸೀಟಿನಲ್ಲಿ ಕೂರಿಸಿ, ಕೈಗೆ ಸ್ಟೀಲಿನ ತಾಟು ಕೊಟ್ಟು, ತಾವು ಹಿಂದೆ ಕುಳಿತು ಓದುತ್ತಿದ್ದರು: "ಮುಂದ ಘಾಟ್ ಅದ, ಗೇರ್ ಇಳಸು. ಸುರಂಗ ಬಂತು, ಲೈಟ್ ಹಾಕು." ನಾನು ತಾಟು ತಿರುಗಿಸುತ್ತಿದ್ದೆ. ಅಕ್ಕ ಬಂದು ಕಿಟಕಿಯಲ್ಲಿ ಕೈ ಹಾಕಿ ತಾಟು ಕಿತ್ತುಕೊಂಡಳು. "ಊಟಕ್ಕ ಬರ್ರಿ, ಸುರಂಗ ಆಮ್ಯಾಲ ದಾಟೀರಂತ."

ಒಂದು ಮುಂಜಾನೆ ಕುಂಭಾರಿಯ ಹತ್ತಿರ, ಪ್ಲಾಟು ಹಾಕಿ ಬಿಟ್ಟ ಖಾಲಿ ರಸ್ತೆಯಲ್ಲಿ ನಿಜವಾಗಿಯೂ ಬಲಬದಿಗೆ ಓಡಿಸಿದೆವು. ಎದುರಿನಿಂದ ಮೋಟರ್‌ಸೈಕಲ್ ಮೇಲೆ ಬಂದ ರೈತರೊಬ್ಬರು ಗಕ್ಕನೆ ನಿಂತು ಬೈದರು, "ಏ, ಮುಂಜಾನೆದ್ದ ಕುಡದೀ ಏನು? ಯಾವ ಬಾಜೂ ಬರಾಕತ್ತೀ?"

ದಾಜಿ ಗಾಜು ಇಳಿಸಿ ಬಹಳ ವಿನಯದಿಂದ ಹೇಳಿದರು, "ಸಿಟ್ಟಾಗಬ್ಯಾಡ್ರಿ ಮಾಲಕ, ನಾವು ಸದ್ಯಾ ಇಟಲಿಯಾಗ ಅದೀವಿ."

ಆ ರೈತರು ನಮ್ಮಿಬ್ಬರನ್ನೂ ನೋಡಿ, ಗಾಡಿಯನ್ನು ಹೊಲಕ್ಕಿಳಿಸಿ ಹೋದರು.

ಇಷ್ಟೆಲ್ಲ ಆದರೂ ಅಕ್ಕನ ಹೂಂ ಬರಲಿಲ್ಲ. ದಾಜಿ ತಮಗೆ ತಿಳಿದ ಹಾಗೆ ಓಲೈಸಿದರು. ಅವಳಿಗಾಗಿ ಮೂರು ಕಡೆ ಮೆಟ್ಟಿಲಿಲ್ಲದ ಹೋಟೆಲು ಹುಡುಕಿದರು. ರಾತ್ರಿ ಊಟಕ್ಕೆ ಭಕ್ಕರಿ ಮಾಡಿಕೊಳ್ಳಲು ಒಲೆ ಇರುವ ಕೋಣೆ ಹುಡುಕಿದರು. ಅಕ್ಕ ಎಲ್ಲ ಕೇಳಿಸಿಕೊಂಡು ಒಂದು ದಿನ ಅಂದಳು, "ನಿಮ್ಮ ಅಷ್ಟೂ ವಹಿಯಾಗ ನಾ ಕೂಡೂದು ಎಲ್ಲಿ ಬರದೀರಿ? ಬರೇ ಏಳೂದ ಅದ. ಏಳೂ ಮೂವತ್ತಕ್ಕ ಏಳು, ಎಂಟೂ ಐವತ್ತಕ್ಕ ಏಳು. ಹುಟ್ಟಿದಾಗಿಂದ ಏಳಾಕತ್ತೀನಿ ನಾ."

ಆ ದಿನದಿಂದ ದಾಜಿ ಒಂದು ಪುಟದೊಡನೆ ಹೆಣಗತೊಡಗಿದರು. ಇಟಲಿಯಲ್ಲಿ, ಸಮುದ್ರದ ದಂಡೆಯ ಒಂದು ಸಣ್ಣ ಊರಿನ ಪುಟ. ಅಲ್ಲಿ ಇದ್ದ ವೇಳೆಗಳನ್ನೆಲ್ಲ ರಬ್ಬರಿನಿಂದ ಅಳಿಸಿದರು. ಮುಂದಿನ ವಾರ ನಾನು ಬಂದಾಗ "೮.೩೦ ಚಹಾ" ಎಂದು ಮತ್ತೆ ಬರೆದಿದ್ದರು. ಅದರ ಮುಂದಿನ ವಾರ ಅದೂ ಹೋಗಿತ್ತು, ಬದಲಿಗೆ "೧೦.೦೦ ಸುಮ್ಮನೆ ಕೂರುವುದು, ೧೦.೪೫ರವರೆಗೆ" ಎಂದಿತ್ತು. ಪೂರಾ ಖಾಲಿ ಬಿಡಲು ಅವರಿಗೆ ಮೂರು ವಾರ ಹಿಡಿಯಿತು. ಕಾಗದ ರಬ್ಬರ್ ತಿಂದು ತಿಂದು ತೆಳ್ಳಗಾಗಿತ್ತು.

ಅಕ್ಕ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ದಾಜಿ ವಹಿಯನ್ನು ಅವಳ ಪಕ್ಕದಲ್ಲಿಟ್ಟರು.

"ಇಲ್ಲೇನೂ ಬರದಿಲ್ಲಲ್ರಿ. ಮರತ್ರೇನು?"

"ಮರತಿಲ್ಲ. ನೀ ಎದ್ದಾಗ ಬಿಡೂದು."

ಅಕ್ಕ ಕಲ್ಲು ಆರಿಸುತ್ತಲೇ ಇದ್ದಳು. ನಾನು ಗೋಡೆ ನೋಡುತ್ತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು, "ಪಾಸ್‌ಪೋರ್ಟಿನ ಫೋಟೋದಾಗ ನಗಬೇಕೋ, ನಗಬಾರದೋ?"

"ನಗಬಾರದಂತ" ಎಂದರು ದಾಜಿ. ಅವರ ಮುಖ ಮಾತ್ರ ಅವರ ಮಾತು ಕೇಳುತ್ತಿರಲಿಲ್ಲ.

ಮೂವರ ಪಾಸ್‌ಪೋರ್ಟ್ ಬಂದವು. ನನಗೆ ಪರದೇಶದಲ್ಲಿ ಗಾಡಿ ಓಡಿಸುವ ಪರವಾನಗಿ ಸಿಕ್ಕಿತು. ಪುಣೆಯ ವೀಸಾ ಕಚೇರಿಯಲ್ಲಿ ಮೂವರಿಗೂ ಒಂದೇ ದಿನ ವೇಳೆ ಸಿಕ್ಕಿತು. ಅದಕ್ಕೆ ಹದಿನೆಂಟು ದಿನ ಉಳಿದಿದ್ದಾಗ, ಒಂದು ಮುಂಜಾನೆ ದಾಜಿ ಸ್ನಾನಕ್ಕೆ ನೀರು ಕಾಯಲಿಟ್ಟು ಕುರ್ಚಿಯಲ್ಲಿ ಕುಳಿತರು, ಏಳಲಿಲ್ಲ. ಹೃದಯ ನಿಂತಿತ್ತು ಎಂದರು ಡಾಕ್ಟರು. ನಾನು ಸೋಲಾಪುರದಿಂದ ಬಂದಾಗ ನೀರು ಇನ್ನೂ ಬೆಚ್ಚಗಿತ್ತು. ಇದಕ್ಕಿಂತ ಹೆಚ್ಚು ನನಗೆ ಬರೆಯಲಾಗದು.

ಮಾತಾಡಿಸಲು ಬಂದವರೆಲ್ಲ ಅಕ್ಕನಿಗೆ ಒಂದೇ ಮಾತು ಹೇಳಿದರು. "ವೈನಿ, ಅವ್ರ ಕಡೀ ಇಚ್ಛಾ ಅದು. ನೀವ ಪೂರಾ ಮಾಡ್ರಿ." ಕೆಲವರು, ಅಸ್ಥಿಯನ್ನು ಅಲ್ಲಿಯ ಸಮುದ್ರದಲ್ಲೇ ಬಿಡಬಹುದೇನೋ ಕೇಳಿ ನೋಡಿ ಎಂದೂ ಹೇಳಿದರು. ಅಕ್ಕ ಯಾರಿಗೂ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಅವಳು ಬರುವುದಿಲ್ಲ ಎಂದೇ ನಾನು ತಿಳಿದಿದ್ದೆ. ಹದಿಮೂರನೇ ದಿನದ ಊಟ ಮುಗಿದು ಪಾತ್ರೆ ತೊಳೆದಿಡುವಾಗ ಕೇಳಿದಳು, "ಪುಣೆಕ್ಕ ಎಷ್ಟ ತಾಸು?"

"ಐದ ತಾಸು. ಯಾಕ?"

"ವೇಳೆ ತೊಗೊಂಡದ್ದ ಅದ, ಹೋಗೂಣು."

ವಹಿ ಕನ್ನಡದಲ್ಲಿತ್ತು, ಕಚೇರಿಗೆ ಇಂಗ್ಲಿಷ್ ಬೇಕು. ಸೋಲಾಪುರದಲ್ಲಿ ಟೈಪ್ ಮಾಡುವವರೊಬ್ಬರ ಹತ್ತಿರ ನಾನು ಓದುತ್ತಾ ಹೋದೆ, ಅವರು ಹೊಡೆಯುತ್ತಾ ಹೋದರು. ಆ ಖಾಲಿ ದಿನ ಬಂದಾಗ, ಇಲ್ಲಿ ಏನು ಬರೆಯಲಿ ಎಂದರು. ಏನೂ ಬೇಡ ಎಂದೆ. ವಿಷಯ ತಿಳಿದ ಮೇಲೆ ಅವರೇ ಒಂದು ಬೇರೆ ಕಾಗದವನ್ನೂ ಹೊಡೆದುಕೊಟ್ಟರು. ದಿವಂಗತ ಪತಿಯ ಕೊನೆಯ ಇಚ್ಛೆ ಪೂರೈಸಲು ಈ ತಾಯಿ ಹೊರಟಿದ್ದಾರೆ, ದಯವಿಟ್ಟು ವೀಸಾ ಕೊಡಬೇಕು ಎಂದು. "ಕೊಡವ್ರಿಗೂ ಮನಸ್ಸಿರ್ತದ್ರಿ" ಎಂದರು. ನನಗೂ ಅದು ಸರಿ ಎನಿಸಿತು. ಓದಿ ನನ್ನ ಕಣ್ಣಲ್ಲೇ ನೀರು ಬಂದಿತ್ತು.

ಪುಣೆಯ ಕಚೇರಿಯ ಕಿಟಕಿಯ ಆಚೆ ಮರಾಠಿ ಹುಡುಗಿಯೊಬ್ಬಳು ಕುಳಿತಿದ್ದಳು. ಕಾಗದಗಳನ್ನು ನೋಡಿ ಕೇಳಿದಳು, "ತಿಸರೇ ಕುಠೇ ಆಹೇತ?" ಮೂರನೆಯವರು ಎಲ್ಲಿ ಎಂದು. ನಾನು ಮರಣದ ದಾಖಲೆ ತೋರಿಸಿದೆ. ಅವಳು ಪಟ್ಟಿಯಲ್ಲಿ ಒಂದು ಗೆರೆ ಎಳೆದಳು. ಆಮೇಲೆ ಅಕ್ಕನ ಕಡೆ ತಿರುಗಿ ಮೆತ್ತಗೆ ಕೇಳಿದಳು, "ಮಾವಶಿ, ಪ್ರವಾಸಾಚಂ ಕಾರಣ?"

ನಾನು ಆ ಕಾಗದವನ್ನು ಕಿಟಕಿಯೊಳಗೆ ಸರಿಸಿದೆ. ಅಕ್ಕ ಅದರ ಮೇಲೆ ಕೈಯಿಟ್ಟು ಹಿಂದಕ್ಕೆ ಎಳೆದುಕೊಂಡಳು. "ಏನ ಬರದದ ಇದರಾಗ?"

ಮೆಲ್ಲಗೆ ಹೇಳಿದೆ. ಅಕ್ಕ ಕಾಗದವನ್ನು ನಾಲ್ಕಾಗಿ ಮಡಚಿ ನನ್ನ ಕೈಗೆ ಕೊಟ್ಟಳು. ಹುಡುಗಿಗೆ ಹೇಳಿದಳು, "ತಸಂ ಕಾಹೀ ನಾಹೀ. ಮಲಾ ಬಘಾಯಚಂ ಆಹೇ." ಹಾಗೇನಿಲ್ಲ, ನನಗೆ ನೋಡಬೇಕಿದೆ ಎಂದು.

ಹುಡುಗಿ ತಲೆಯಾಡಿಸಿ, ಒಂದು ಚೌಕದಲ್ಲಿ ಗುರುತು ಹಾಕಿದಳು.

ಹೊರಗೆ ಬಂದು ಕಾರಿನ ಬಾಗಿಲು ತೆಗೆಯುವ ಹೊತ್ತಿಗೆ ಅಕ್ಕ ಅತ್ತಳು. ದಾಜಿ ಹೋದ ಮೇಲೆ ಅವಳು ಜೋರಾಗಿ ಅತ್ತದ್ದು ಅದೇ ಮೊದಲು. ಬಾಗಿಲು ಹಿಡಿದು ನಿಂತೇ ಅತ್ತಳು. ನಾನು ನೀರಿನ ಬಾಟಲಿ ಹಿಡಿದುಕೊಂಡು ನಿಂತೆ.

"ಎಲ್ಲಾರೂ ಅವ್ರ ಇಚ್ಛಾ, ಅವ್ರ ಇಚ್ಛಾ ಅಂತಾರ" ಎಂದಳು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ. "ಎರಡ ವರ್ಷ ದಿನಾ ಕಿವ್ಯಾಗ ಹಾಕಿ ಹಾಕಿ ನನಗೂ ಹುಚ್ಚ ಹಿಡಿಸಿಬಿಟ್ಟಾರ. ಹಿಡಿಸಿ ತಾವ ಹೋದ್ರು. ಈಗ ನಾ ಏನ ಮಾಡ್ಲಿ? ನೋಡಬೇಕ ಅನಸ್ತದ. ಹೀಂಗ ಅನಸೂದು ತಪ್ಪೇನು?"

"ತಪ್ಪ ಯಾಕವ್ವಾ."

"ಹಂಗಾದ್ರ ಗಾಡಿ ತೆಗಿ. ಹೊಟ್ಟಿ ಹಸದದ."

ವೀಸಾ ಇನ್ನೂ ಬಂದಿಲ್ಲ. ಕೊಟ್ಟರೂ ಕೊಡಬಹುದು, ಬಿಟ್ಟರೂ ಬಿಡಬಹುದು. ಆ ದಿನ ಪುಣೆ ದಾಟಿ, ರಸ್ತೆ ಬದಿಯ ಹೋಟೆಲಿನಲ್ಲಿ ಊಟಕ್ಕೆ ಕುಳಿತಾಗ ನಾನು ಕೇಳಿದೆ, "ಅಕ್ಕಾ, ಅಲ್ಲಿ ಮುಟ್ಟಿದ ಮ್ಯಾಲ ಮೊದಲ ಏನ ನೋಡ್ತೀ?"

ಅಕ್ಕ ರೊಟ್ಟಿ ಮುರಿದು, ಬೆಳ್ಳುಳ್ಳಿ ಚಟ್ನಿ ಹಚ್ಚಿಕೊಂಡು, ಬಾಯಲ್ಲಿಟ್ಟು, ನಿಧಾನವಾಗಿ ಅಗಿದು ನುಂಗಿದಳು.

"ಹೋದ ಮ್ಯಾಲ ಹೇಳ್ತೀನಿ."